ಅರ್ಧಕ್ಕೆ ನಿಂತ ಬೊಂಬೆಚಿತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇದ್ದವು: ಉತ್ಸಾಹದಿಂದ ಆರಂಭಿಸಿ ನಡುದಾರಿಯಲ್ಲಿ ಕೈಬಿಟ್ಟ ಸ್ಟಾಪ್ ಮೋಷನ್ ಕಿರುಚಿತ್ರ. ಬೊಂಬೆಯನ್ನು ಸ್ವಲ್ಪ ಸರಿಸಿ ಒಂದು ಫೋಟೊ, ಮತ್ತೆ ಸ್ವಲ್ಪ ಸರಿಸಿ ಇನ್ನೊಂದು ಫೋಟೊ, ಹೀಗೆ ತೆಗೆದ ಚಿತ್ರಗಳನ್ನು, ಅಂದರೆ ಫ್ರೇಮುಗಳನ್ನು, ವೇಗವಾಗಿ ಓಡಿಸಿ ಬೊಂಬೆ ತಾನಾಗಿ ನಡೆದಾಡಿದಂತೆ ಕಾಣಿಸುವ ಕಲೆ ಇದು ಎಂಬುದು ಹೆಚ್ಚಿನವರಿಗೆ ಗೊತ್ತೇ ಇದೆ. ಮೊದಲ ಪತ್ರ ಉದ್ದವಾಗಿದೆ, ಅದರ ಉತ್ತರ ಇನ್ನೂ ಉದ್ದವಾಗಿದೆ. ಉಳಿದವರು ಇದಕ್ಕಾಗಿ ಮುನಿಸಿಕೊಳ್ಳಬಾರದು. ಅವರ ಪ್ರಶ್ನೆಗಳಿಗೂ ಅರ್ಧ ಉತ್ತರ ಅದರಲ್ಲಿಯೇ ಸಿಗುತ್ತದೆ.

ಪ್ರಶ್ನೆ: ಕೊಡೆ ರಿಪೇರಿ ಮಾಡುವ ಒಬ್ಬ ಮುದುಕನ ಕಥೆಯನ್ನು ನಾಲ್ಕು ನಿಮಿಷದ ಸ್ಟಾಪ್ ಮೋಷನ್ ಚಿತ್ರವಾಗಿ ಮಾಡಲು ಎರಡು ವರ್ಷದ ಹಿಂದೆ ಆರಂಭಿಸಿದೆ. ಸೆಕೆಂಡಿಗೆ 12 ಫ್ರೇಮಿನಂತೆ ಇದುವರೆಗೆ 1,340 ಫ್ರೇಮ್ ತೆಗೆದಿದ್ದೇನೆ. ಮುದುಕ ಅಂಗಡಿಯ ಬಾಗಿಲು ತೆರೆಯುವುದು, ಹರಿದ ಕೊಡೆಗಳನ್ನು ಹೊಲಿಯುವುದು, ಯಾರೋ ಕೊಟ್ಟುಹೋಗಿ ಮರಳಿ ಒಯ್ಯದ ಕೆಂಪು ಕೊಡೆಯೊಂದನ್ನು ದಿನವೂ ಒರೆಸಿಡುವುದು, ಇಷ್ಟು ಆಗಿದೆ. ಇನ್ನು ಮಳೆ ಬರಬೇಕು, ಗಾಳಿಗೆ ಅಂಗಡಿಯ ಕೊಡೆಗಳೆಲ್ಲ ಹಾರಿಹೋಗಬೇಕು, ಮುದುಕ ಕೆಂಪು ಕೊಡೆ ಬಿಡಿಸಿಕೊಂಡು ಬೀದಿಗೆ ಇಳಿಯಬೇಕು. ಆದರೆ ಹದಿನಾಲ್ಕು ತಿಂಗಳಿಂದ ಒಂದು ಫ್ರೇಮನ್ನೂ ತೆಗೆದಿಲ್ಲ. ಸೆಟ್ ಹಾಕಿದ್ದ ಮೇಜು ಬೇರೆ ಕೆಲಸಕ್ಕೆ ಹೋಯಿತು, ಹಳೆಯ ಕ್ಯಾಮೆರಾ ಮಾರಿಬಿಟ್ಟೆ, ಬೊಂಬೆಯ ಬಲ ಮೊಣಕಾಲಿನ ತಂತಿ ಮುರಿದಿದೆ, ಮುಖದ ಕ್ಲೇ ಬಿರುಕು ಬಿಟ್ಟಿದೆ. ಮೊದಲ ದೃಶ್ಯಗಳನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ, ಏಕೆಂದರೆ ಕೊನೆಕೊನೆಗೆ ಪಳಗಿದ ಕೈ ಆರಂಭದಲ್ಲಿ ಇರಲಿಲ್ಲ. ಎಲ್ಲವನ್ನೂ ಹೊಸದಾಗಿ ತೆಗೆಯಲೇ, ನಿಂತಲ್ಲಿಂದ ಮುಂದುವರಿಸಲೇ, ಇಲ್ಲವೇ ಕೈಬಿಡಲೇ?

ಉತ್ತರ: ಚಿತ್ರ ನಿಂತದ್ದಕ್ಕೆ ನೀವು ಮೇಜು, ಕ್ಯಾಮೆರಾ, ತಂತಿ, ಕ್ಲೇ ಎಂದು ನಾಲ್ಕು ಕಾರಣ ಕೊಟ್ಟಿದ್ದೀರಿ. ನಾಲ್ಕೂ ನಿಜವೇ ಇರಬಹುದು, ಆದರೆ ಅವೆಲ್ಲ ಚಿತ್ರ ನಿಂತ ಮೇಲೆ ನಡೆದವು ಎಂಬುದು ನನ್ನ ಗುಮಾನಿ. ಕೆಲಸ ಭರದಿಂದ ಸಾಗುತ್ತಿದ್ದರೆ ಆ ಮೇಜನ್ನು ಯಾರಾದರೂ ಕೇಳಿದರೂ ನೀವು ಬಿಟ್ಟುಕೊಡುತ್ತಿರಲಿಲ್ಲ. ಚಿತ್ರ ಸರಿಯಾಗಿ ಯಾವ ಜಾಗದಲ್ಲಿ ನಿಂತಿದೆ ಎಂಬುದನ್ನು ಗಮನಿಸಿ. ಇನ್ನು ಮಳೆ ಬರಬೇಕು ಎನ್ನುವಲ್ಲಿ, ಅಂದರೆ ಹೇಗೆ ತೆಗೆಯಬೇಕೆಂದು ನಿಮಗೆ ತಿಳಿಯದಿದ್ದ ಮೊದಲ ಶಾಟಿನ ಹೊಸ್ತಿಲಲ್ಲಿಯೇ ಅದು ನಿಂತಿದೆ. ಹವ್ಯಾಸಿಗಳು ಸಾಮಾನ್ಯವಾಗಿ ಕೈಗೆ ಸುಲಭವಾದ ಶಾಟುಗಳನ್ನೆಲ್ಲ ಮೊದಲು ಮುಗಿಸಿ, ನೀರು, ಹೊಗೆ, ಹಾರಾಟ, ಜನಜಂಗುಳಿ ಇಂಥವನ್ನು ಆಮೇಲೆ ನೋಡಿಕೊಳ್ಳೋಣವೆಂದು ಮುಂದಕ್ಕೆ ತಳ್ಳುತ್ತಾರೆ, ಆ ಆಮೇಲೆ ಬಂದಾಗ ಕೈಕಟ್ಟಿ ಕುಳಿತುಬಿಡುತ್ತಾರೆ. ಆದುದರಿಂದ ಬೊಂಬೆಯ ಮೊಣಕಾಲಿಗಿಂತ ಮೊದಲು ರಿಪೇರಿಯಾಗಬೇಕಾದದ್ದು ನಿಮ್ಮ ಚಿತ್ರಕಥೆ.

ಹೊಸದಾಗಿ ತೆಗೆಯುವ ವಿಚಾರವನ್ನು ದಯವಿಟ್ಟು ಇಂದೇ ಬಿಟ್ಟುಬಿಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಕಾಗದದ ಕಪ್ಪೆಯೊಂದು ಮೆಟ್ಟಿಲು ಹತ್ತುವ ಪುಟ್ಟ ಚಿತ್ರವನ್ನು ನಾನೂ ಒಮ್ಮೆ ಕೈಗೆತ್ತಿಕೊಂಡಿದ್ದೆ. ಮೊದಲ ಹನ್ನೊಂದು ಸೆಕೆಂಡು ಸರಿಬರಲಿಲ್ಲವೆಂದು ಮೂರು ಬಾರಿ ತೆಗೆದೆ, ಪ್ರತಿ ಬಾರಿಯೂ ಹಿಂದಿನದಕ್ಕಿಂತ ಚೆನ್ನಾಗಿಯೇ ಬಂತು, ಆದರೆ ಹನ್ನೆರಡನೆಯ ಸೆಕೆಂಡು ಇಂದಿಗೂ ಹುಟ್ಟಿಲ್ಲ. ಚಿತ್ರ ತೆಗೆಯುತ್ತ ತೆಗೆಯುತ್ತ ಕೈ ಪಳಗುವುದರಿಂದ ಕೊನೆಯ ಶಾಟಿಗೆ ಹೋಲಿಸಿದರೆ ಮೊದಲ ಶಾಟು ಯಾವಾಗಲೂ ಒರಟಾಗಿಯೇ ಕಾಣುತ್ತದೆ. ಅದನ್ನು ತಿದ್ದಲು ಹೋದರೆ ಅದಕ್ಕಿಂತ ಈಚಿನದು ಒರಟಾಗಿ ಕಾಣಲು ಶುರುವಾಗುತ್ತದೆ, ಆಮೇಲೆ ಅದನ್ನು ತಿದ್ದಬೇಕಾಗುತ್ತದೆ. ಇದು ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ. ನೋಡುಗರಿಗಾದರೋ ಮುದುಕ ಬಾಗಿಲು ತೆರೆಯುವಾಗ ಕೈ ಕೊಂಚ ನಡುಗಿದರೆ ಅದು ಮುದುಕನ ಕೈ ಎಂದೇ ಕಾಣುತ್ತದೆ.

ಈಗ ಲೆಕ್ಕಕ್ಕೆ ಬರೋಣ. ನಾಲ್ಕು ನಿಮಿಷವೆಂದರೆ 240 ಸೆಕೆಂಡು, ಸೆಕೆಂಡಿಗೆ 12ರಂತೆ 2,880 ಫ್ರೇಮ್. ನಿಮ್ಮಲ್ಲಿ ಇರುವುದು 1,340, ಅಂದರೆ ಒಂದು ನಿಮಿಷ 52 ಸೆಕೆಂಡಿಗೆ ಹತ್ತಿರ. ಇನ್ನು 1,540 ಬೇಕು. ಸಂಜೆಗೆ 30 ಫ್ರೇಮ್ ಎಂದಿಟ್ಟುಕೊಂಡರೆ ಇದು ಐವತ್ತೊಂದು, ಐವತ್ತೆರಡು ಸಂಜೆಗಳ ಕೆಲಸ. ಅದೂ ಮಳೆ ಗಾಳಿಗಳಂಥ ಕಷ್ಟದ ಶಾಟುಗಳು ಸಾಧಾರಣ ಶಾಟಿನ ವೇಗದಲ್ಲಿಯೇ ಸಾಗುತ್ತವೆ ಎಂಬ ಹುಸಿ ನಂಬಿಕೆಯ ಮೇಲೆ. ನಿಮ್ಮ ಮನಸ್ಸು ಈ ಲೆಕ್ಕವನ್ನು ಎಂದೋ ಗುಟ್ಟಾಗಿ ಮಾಡಿ ಮುಗಿಸಿದೆ, ಅದಕ್ಕೇ ಬೊಂಬೆಯ ಕಡೆ ಕೈ ಹೋಗುತ್ತಿಲ್ಲ.

ಮೊದಲು ಒಂದು ಸಂಜೆ ಕ್ಯಾಮೆರಾ, ಕ್ಲೇ ಯಾವುದನ್ನೂ ಮುಟ್ಟದೆ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಿ. 1,340 ಫ್ರೇಮುಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಶಾಟಿಗೊಂದರಂತೆ ಫೋಲ್ಡರ್ ಮಾಡಿ, ಎಲ್ಲವನ್ನೂ ಕಥೆಯ ಕ್ರಮದಲ್ಲಿ ಜೋಡಿಸಿ. ಇನ್ನೂ ತೆಗೆಯದ ಶಾಟುಗಳ ಜಾಗದಲ್ಲಿ ಪೆನ್ಸಿಲಿನ ಗೀಚುಚಿತ್ರವೊಂದನ್ನು ಫೋಟೊ ತೆಗೆದು, ಆ ಶಾಟು ಎಷ್ಟು ಹೊತ್ತು ಇರಬೇಕೋ ಅಷ್ಟು ಹೊತ್ತು ನಿಲ್ಲಿಸಿ. ಮಳೆಯ ಸದ್ದು, ಬಾಗಿಲಿನ ಸದ್ದು, ಹೊಲಿಗೆಯ ಸದ್ದುಗಳನ್ನು ಒರಟಾಗಿಯಾದರೂ ಸೇರಿಸಿ. ವೃತ್ತಿಯವರು ಇಂಥ ಜೋಡಣೆಯನ್ನು ಅನಿಮ್ಯಾಟಿಕ್ ಎನ್ನುತ್ತಾರೆ. ನಿಜಕ್ಕೂ ಇದು ಮೊದಲ ಫ್ರೇಮಿಗಿಂತ ಮುಂಚೆ ಆಗಬೇಕಿದ್ದ ಕೆಲಸ, ಆದರೆ ನಡುದಾರಿಯಲ್ಲಿ ಮಾಡಿದರೂ ಅಷ್ಟೇ ಉಪಕಾರಿ. ಸದ್ದು ಸೇರಿದ ಮೇಲೆ ಎರಡು ಸಂಗತಿಗಳು ನಿಮಗೆ ಸ್ಪಷ್ಟವಾಗುತ್ತವೆ: ನಾಚಿಕೆಪಟ್ಟ ದೃಶ್ಯಗಳು ನೀವಂದುಕೊಂಡಷ್ಟು ಕೆಟ್ಟದಾಗಿಲ್ಲ, ಮತ್ತು ಬೇಕೇಬೇಕೆಂದುಕೊಂಡಿದ್ದ ಕೆಲವು ಶಾಟುಗಳು ಇಲ್ಲದೆಯೂ ಕಥೆ ನಡೆಯುತ್ತದೆ.

ಅಲ್ಲಿಂದ ಕತ್ತರಿ ಹಿಡಿಯಿರಿ. ಕೊಡೆಗಳೆಲ್ಲ ಹಾರಿಹೋಗುವ ದೃಶ್ಯ ನಿಮ್ಮ ಕಥೆಗೆ ಬೇಕೇ? ನೀವು ತೆಗೆದ ಭಾಗವನ್ನು ಪತ್ರದಲ್ಲಿ ಓದಿದಷ್ಟರಿಂದಲೇ ನನಗೆ ತೋರುವುದೆಂದರೆ, ಇದು ಒಂದು ಕೆಂಪು ಕೊಡೆಯ ಕಥೆ, ಉಳಿದ ಕೊಡೆಗಳದ್ದಲ್ಲ. ಕಾಯುತ್ತ ಕುಳಿತ ಕೊಡೆ ಕೊನೆಗೊಮ್ಮೆ ಬಿಚ್ಚಿಕೊಂಡರೆ ಚಿತ್ರ ಮುಗಿಯುತ್ತದೆ. ಹಾಗಾದರೆ ಉಳಿಯುವುದು ನಾಲ್ಕೇ ಶಾಟುಗಳು: ಮುದುಕ ತಲೆಯೆತ್ತಿ ಮಳೆಯ ಸದ್ದು ಕೇಳುವುದು, ಕಿಟಕಿಯ ಗಾಜಿನ ಮೇಲೆ ಹನಿ ಇಳಿಯುವುದು, ಕೆಂಪು ಕೊಡೆಯ ಮೇಲೆ ಅವನ ಕೈ, ಬಾಗಿಲಿನಾಚೆ ಬಿಚ್ಚಿಕೊಳ್ಳುವ ಕೊಡೆಯ ಬೆನ್ನು. ಇದೆಲ್ಲ ಸೇರಿ 38 ಸೆಕೆಂಡು ಸಾಕು. 456 ಫ್ರೇಮ್, ಹದಿನಾರು ಸಂಜೆ. ನಾಲ್ಕು ನಿಮಿಷದ ಚಿತ್ರ ಎರಡೂವರೆ ನಿಮಿಷದ್ದಾಗುತ್ತದೆ, ಆದರೆ ಅದು ಮುಗಿದ ಚಿತ್ರ.

ಹೀಗೆ ಮೊಟಕು ಮಾಡುವುದು ಹವ್ಯಾಸಿಗಳ ಪಾಡು ಮಾತ್ರವಲ್ಲ. ವಾಲೆಸ್ ಮತ್ತು ಗ್ರೋಮಿಟ್ ಎಂಬ ಕ್ಲೇ ಜೋಡಿಯ ಮೊದಲ ಚಿತ್ರವನ್ನು ಬ್ರಿಟನ್ನಿನ ನಿಕ್ ಪಾರ್ಕ್ 1982ರಲ್ಲಿ ಸಿನಿಮಾ ಶಾಲೆಯ ಪದವಿ ಚಿತ್ರವೆಂದು ಆರಂಭಿಸಿದರು. 1985ರಲ್ಲಿ ಆರ್ಡ್‌ಮನ್ ಸ್ಟುಡಿಯೊ ಸೇರುವಾಗಲೂ ಅದು ಮುಗಿದಿರಲಿಲ್ಲ. ಅರ್ಧಂಬರ್ಧ ಚಿತ್ರವನ್ನು ಜೊತೆಗೇ ಕೊಂಡೊಯ್ದು, ಚಂದ್ರನ ಮೇಲೆ ನಡೆಯಬೇಕಿದ್ದ ಭಾಗವನ್ನು ಸಾಕಷ್ಟು ಚಿಕ್ಕದು ಮಾಡಿಕೊಂಡು, 1989ರಲ್ಲಿ ಮುಗಿಸಿದರು. ಇಪ್ಪತ್ತಮೂರು ನಿಮಿಷದ ಚಿತ್ರಕ್ಕೆ ಏಳು ವರ್ಷ ಹಿಡಿದಿತ್ತು. ನಿಮ್ಮ ಹದಿನಾಲ್ಕು ತಿಂಗಳ ವಿರಾಮಕ್ಕೆ ನೀವು ಅಷ್ಟೊಂದು ನೊಂದುಕೊಳ್ಳಬೇಕಿಲ್ಲ.

ಇನ್ನು ಮಳೆ. ನಿಜವಾದ ನೀರಿನಿಂದ ಬೊಂಬೆಚಿತ್ರದ ಮಳೆ ಮಾಡಲಾಗದು. ಎರಡು ಫ್ರೇಮುಗಳ ನಡುವೆ ನೀರು ನಿಮಗಾಗಿ ಕಾಯುವುದಿಲ್ಲ, ಅಲ್ಲದೆ ಹನಿಯ ಗಾತ್ರವನ್ನು ನಿರ್ಧರಿಸುವುದು ನೀರಿನ ಮೇಲ್ಮೈ ಸೆಳೆತವಾದ್ದರಿಂದ ಸೆಟ್ಟು ಚಿಕ್ಕದಾದಷ್ಟು ಹನಿ ಚಿಕ್ಕದಾಗುವುದಿಲ್ಲ. ಗೇಣುದ್ದದ ಮುದುಕನ ಪಕ್ಕದಲ್ಲಿ ಒಂದು ಹನಿ ಅವನ ಮೂಗಿನಷ್ಟು ದಪ್ಪವಾಗಿ ಕಾಣುತ್ತದೆ. ಇದಕ್ಕೆ ಹಳೆಯ ಉಪಾಯ ಗ್ಲಿಸರಿನ್. ಕ್ಯಾಮೆರಾ ಮತ್ತು ಸೆಟ್ಟಿನ ನಡುವೆ, ಸೆಟ್ಟಿನ ಕಿಟಕಿಯಂತೆ ಕಾಣುವ ಹಾಗೆ ಒಂದು ಗಾಜಿನ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಸೂಜಿಯ ಮೊನೆಯಿಂದ ಗ್ಲಿಸರಿನ್ನಿನ ಸಣ್ಣ ಹನಿಗಳನ್ನು ಅದಕ್ಕೆ ಅಂಟಿಸಿ. ಹನಿ ಸಣ್ಣದಿದ್ದಷ್ಟೂ ಇಟ್ಟಲ್ಲಿಯೇ ನಿಲ್ಲುತ್ತದೆ. ಪ್ರತಿ ಫ್ರೇಮಿಗೂ ಎರಡು ಮೂರು ಹನಿಗಳನ್ನು ಮಾತ್ರ ಸೂಜಿಯಿಂದ ಕೆಳಕ್ಕೆ ಎಳೆಯಿರಿ, ಹಿಂದೆ ಉಳಿಯುವ ತೇವದ ಗೆರೆಯನ್ನು ಒರೆಸಬೇಡಿ. ಇಳಿಯುವ ಹನಿ ಒಂದೇ ವೇಗದಲ್ಲಿ ಇಳಿದರೆ ಮಣಿ ಜಾರಿದಂತೆ ಕಾಣುತ್ತದೆ. ನಾಲ್ಕು ಫ್ರೇಮ್ ನಿಂತು, ಒಮ್ಮೆಗೇ ಬೆರಳಗಲ ಜಾರಿ, ದಾರಿಯಲ್ಲಿ ಸಿಕ್ಕ ಇನ್ನೊಂದು ಹನಿಯನ್ನು ನುಂಗಿ ಮತ್ತೆ ನಿಂತರೆ ಅದು ಮಳೆಯಾಗುತ್ತದೆ. ಹೀಗೆ ಮೂರು ಸೆಕೆಂಡು, 36 ಫ್ರೇಮ್ ತೆಗೆದರೆ ಉಳಿದದ್ದನ್ನು ಸದ್ದು ನೋಡಿಕೊಳ್ಳುತ್ತದೆ. ಅಂಗಳದ ಕೊಚ್ಚೆನೀರಿಗೆ ಬಣ್ಣವಿಲ್ಲದ ಹೇರ್ ಜೆಲ್ ಹಚ್ಚಿದರೆ ಸಾಕು.

ಈ ಶಾಟನ್ನೇ ಮೊದಲು ತೆಗೆಯಿರಿ. ಇದರಲ್ಲಿ ಬೊಂಬೆಯೂ ಬೇಕಿಲ್ಲ, ಮುರಿದ ಮೊಣಕಾಲೂ ಅಡ್ಡ ಬರುವುದಿಲ್ಲ, ಮತ್ತು ಹದಿನಾಲ್ಕು ತಿಂಗಳು ದಾರಿ ಕಟ್ಟಿ ಕುಳಿತದ್ದು ಒಂದು ಸಂಜೆಯಲ್ಲಿ ದಾರಿ ಬಿಟ್ಟ ಹಾಗಾಗುತ್ತದೆ.

ಕ್ಯಾಮೆರಾ ಬದಲಾದದ್ದು ದೊಡ್ಡ ತೊಡಕಲ್ಲ, ಒಂದು ನಿಯಮ ಪಾಲಿಸಿದರೆ: ಹಳೆಯ ಶಾಟಿನ ನಡುವಿನಿಂದ ಎಂದೂ ಮುಂದುವರಿಸಬೇಡಿ. ಅದೇ ಕೋನದಲ್ಲಿ ಹಳೆಯ ಮತ್ತು ಹೊಸ ಫ್ರೇಮುಗಳು ಅಕ್ಕಪಕ್ಕ ಬಂದರೆ ಬಣ್ಣದ ಎಳೆಯಷ್ಟು ವ್ಯತ್ಯಾಸವೂ ಕಣ್ಣಿಗೆ ಚುಚ್ಚುತ್ತದೆ. ಕೋನ ಬದಲಾಯಿಸಿ, ಹತ್ತಿರದ ಶಾಟಿಗೋ ಹಿಂಬದಿಯ ಶಾಟಿಗೋ ಹೋದರೆ ನೋಡುಗರು ಅದನ್ನು ಗಮನಿಸುವುದೇ ಕಡಿಮೆ. ಅರ್ಧಕ್ಕೆ ನಿಂತ ಶಾಟಿನ ಕೊನೆಯ ಹದಿನೈದು ಇಪ್ಪತ್ತು ಫ್ರೇಮುಗಳನ್ನು ಬಿಟ್ಟು, ಮುದುಕನ ಕೈ ಚಲಿಸುತ್ತಿರುವಾಗಲೇ ಕತ್ತರಿಸಿ. ನಿಮ್ಮ ಅದೃಷ್ಟಕ್ಕೆ ಇನ್ನು ಮುಂದಿನದು ಮಳೆಯ ವೇಳೆ, ಬೆಳಕು ಬೇರೆಯಾಗಿರಲೇಬೇಕು. ಹಳೆಯ ಬೆಳಕಿಗೆ ತಾಳೆ ಹಾಕುವ ಹೊಣೆಯೇ ಇಲ್ಲ.

ಬೊಂಬೆಯ ಮಾತು ಚಿಕ್ಕದು. ಒಂದೇ ಜಾಗದಲ್ಲಿ ನೂರಾರು ಬಾರಿ ಬಾಗಿದ ತಂತಿ ಮುರಿಯುವುದು ಸಹಜ. ಉಕ್ಕಿನ ತಂತಿ ಬಾಗಿಸಿದ ಮೇಲೆ ಹಿಂದಕ್ಕೆ ಚಿಮ್ಮುತ್ತದೆ, ಆದುದರಿಂದ ಮೆತ್ತನೆಯ ಅಲ್ಯೂಮಿನಿಯಂ ತಂತಿಯ ಎರಡು ಎಳೆಗಳನ್ನು ಸಡಿಲವಾಗಿ ಹುರಿಮಾಡಿ ಹೊಸ ಕಾಲು ಮಾಡಿ. ತೊಡೆಯ ಮತ್ತು ಕಣಕಾಲಿನ ಭಾಗಕ್ಕೆ ಗಟ್ಟಿ ಅಂಟು ಸುತ್ತಿದರೆ ಬಾಗುವುದು ಮೊಣಕಾಲಿನಲ್ಲಿ ಮಾತ್ರ. ಮುರಿದ ತಂತಿಗೆ ಬೆಸುಗೆ ಹಾಕಲು ಹೋಗಬೇಡಿ, ಪೂರ್ತಿ ಕಾಲನ್ನೇ ಬದಲಿಸಿ. ಮುಖದ ಕ್ಲೇ ಎಣ್ಣೆ ಬೆರೆತ ಬಗೆಯದಾದರೆ ಅದು ಒಣಗಿದ್ದಲ್ಲ, ಎಣ್ಣೆ ಸೋರಿಹೋಗಿದೆ ಅಷ್ಟೆ; ಕೊಂಚ ವ್ಯಾಸಲೀನ್ ಸೇರಿಸಿ ಅಂಗೈಯ ಬಿಸಿಯಲ್ಲಿ ನಾದಿದರೆ ಮತ್ತೆ ಮೆತ್ತಗಾಗುತ್ತದೆ. ನೀರಿನಲ್ಲಿ ಕಲಸುವ ಬಗೆಯದಾದರೆ ಅದು ಹೋದಂತೆಯೇ, ತಲೆಯನ್ನು ಹೊಸದಾಗಿ ಮಾಡಿ. ಉಳಿದಿರುವ ನಾಲ್ಕು ಶಾಟುಗಳಲ್ಲಿ ಮುಖ ಕಾಣುವುದು ಒಂದರಲ್ಲಿ ಮಾತ್ರ ಎಂಬುದನ್ನು ನೆನಪಿಡಿ.

ಕಡೆಯದಾಗಿ, ಒಂದು ಶಾಟನ್ನು ಒಂದೇ ಬೈಠಕ್ಕಿನಲ್ಲಿ ಮುಗಿಸುವಷ್ಟು ಚಿಕ್ಕದಾಗಿ ಯೋಜಿಸಿ. ರಾತ್ರಿ ಕಳೆದರೆ ತಂಪಿಗೋ ತೇವಕ್ಕೋ ಹಲಗೆ ಹಿಗ್ಗಿ ಕುಗ್ಗುತ್ತದೆ, ಬೊಂಬೆಯ ತಲೆ ಭಾರಕ್ಕೆ ಕೂದಲೆಳೆಯಷ್ಟು ಬಾಗುತ್ತದೆ, ಮರುದಿನದ ಮೊದಲ ಫ್ರೇಮಿನಲ್ಲಿ ಎಲ್ಲವೂ ಒಮ್ಮೆ ಕುಪ್ಪಳಿಸಿದಂತೆ ಕಾಣುತ್ತದೆ. ಮುಗಿಸಲಾಗದೇ ಹೋದರೆ ಬೊಂಬೆ ಚಲಿಸದೆ ನಿಂತಿರುವ ಕ್ಷಣದಲ್ಲಿ ನಿಲ್ಲಿಸಿ, ಮುಂದಿನ ಚಲನೆ ಯಾವ ಕಡೆಗೆ, ಎಷ್ಟು ಫ್ರೇಮ್ ಎಂದು ಚೀಟಿ ಬರೆದು ಸೆಟ್ಟಿನ ಮೇಲೆಯೇ ಇಡಿ. ಮೇಜು ಸಿಗದಿದ್ದರೆ ಇಡೀ ಸೆಟ್ಟನ್ನು ಒಂದು ದಪ್ಪ ಪ್ಲೈವುಡ್ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿಕೊಳ್ಳಿ; ಶಾಟು ಮುಗಿದ ಮೇಲೆ ಹಲಗೆಯನ್ನೇ ಎತ್ತಿ ಗೋಡೆಗೆ ಆನಿಸಬಹುದು.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದ ನನ್ನ ಅರ್ಧ ಚಿತ್ರವನ್ನು ಓಡಿಸಿದರೆ ಬೆಳಕು ಮಿಣಮಿಣ ಎನ್ನುತ್ತದೆ. ಅದನ್ನು ನೋಡಿಯೇ ಮುಂದುವರಿಸುವ ಮನಸ್ಸು ಹೋಯಿತು. ತೆಗೆದದ್ದನ್ನು ಸರಿಪಡಿಸಬಹುದೇ?

ಉತ್ತರ: ಬಹುಮಟ್ಟಿಗೆ ಸರಿಪಡಿಸಬಹುದು, ಆದರೆ ಮಿಣುಕು ಎಲ್ಲಿಂದ ಬಂತು ಎಂಬುದನ್ನು ಮೊದಲು ಪತ್ತೆ ಮಾಡಿ, ಇಲ್ಲವಾದರೆ ಮುಂದೆ ತೆಗೆಯುವುದರಲ್ಲಿಯೂ ಅದೇ ಬರುತ್ತದೆ. ಮೊಬೈಲಿನಲ್ಲಿ ಹತ್ತಕ್ಕೆ ಎಂಟು ಪಾಲು ಇದು ಆಟೊ ಎಕ್ಸ್‌ಪೋಷರಿನ, ಅಂದರೆ ಎಷ್ಟು ಬೆಳಕು ಬೇಕೆಂದು ಮೊಬೈಲು ತಾನೇ ನಿರ್ಧರಿಸುವ ವ್ಯವಸ್ಥೆಯ ಕೆಲಸ. ನೀವು ಬೊಂಬೆಯ ಕೈಯನ್ನು ಎತ್ತಿದ್ದನ್ನೇ ನೋಡಿ, ಬೆಳಕು ಬದಲಾಯಿತೆಂದುಕೊಂಡು ಅದು ಪ್ರತಿ ಫೋಟೊಕ್ಕೂ ಹೊಸ ಲೆಕ್ಕ ಹಾಕುತ್ತದೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಹೊಂದಾಣಿಕೆ) ಮೂರನ್ನೂ ಬೀಗ ಹಾಕಬಲ್ಲ ಸ್ಟಾಪ್ ಮೋಷನ್ ಆ್ಯಪ್ ಬಳಸಿ. ಕಿಟಕಿಯ ಬೆಳಕನ್ನು ದಪ್ಪ ಬಟ್ಟೆಯಿಂದ ಪೂರ್ತಿ ಮುಚ್ಚಿ, ಏಕೆಂದರೆ ಒಂದು ಮೋಡ ಹಾದುಹೋದದ್ದು ನಿಮಗೆ ಗೊತ್ತಾಗದಿದ್ದರೂ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಇನ್ನೊಂದು ಕಳ್ಳನಿದ್ದಾನೆ, ಅವನು ನಿಮ್ಮ ಅಂಗಿ. ಬಿಳಿ ಅಂಗಿ ತೊಟ್ಟು ಒಮ್ಮೆ ಮುಂದೆ ಬಾಗಿ, ಒಮ್ಮೆ ಹಿಂದೆ ಸರಿದು ಫೋಟೊ ತೆಗೆದರೆ ಅಂಗಿಯಿಂದ ಚಿಮ್ಮಿದ ಬೆಳಕು ಸೆಟ್ಟಿನ ಮೇಲೆ ಏರಿಳಿಯುತ್ತದೆ. ಕಪ್ಪು ಅಂಗಿ ತೊಡಿ, ಪ್ರತಿ ಫ್ರೇಮಿಗೂ ಒಂದೇ ಜಾಗದಲ್ಲಿ ನಿಂತು ರಿಮೋಟಿನಿಂದ ತೆಗೆಯಿರಿ.

ಕೆಲವು ಎಲ್‌ಇಡಿ ದೀಪಗಳು ಕರೆಂಟಿನ ಲಯಕ್ಕೆ ತಕ್ಕಂತೆ ಸೆಕೆಂಡಿಗೆ ನೂರು ಅಥವಾ ನೂರಿಪ್ಪತ್ತು ಬಾರಿ ಏರಿಳಿಯುತ್ತವೆ. ಕ್ಯಾಮೆರಾದೊಳಕ್ಕೆ ಬೆಳಕು ಬಿಡುವ ಷಟರ್ ಅರ್ಧ ಸೆಕೆಂಡಿನಷ್ಟು ತೆರೆದಿದ್ದರೆ ಈ ಏರಿಳಿತವೆಲ್ಲ ಸರಾಸರಿಯಾಗಿ ಸಮವಾಗುತ್ತದೆ; ಬೊಂಬೆ ಹೇಗೂ ಅಲುಗಾಡುವುದಿಲ್ಲವಲ್ಲ. ಇದೇ ತೊಂದರೆ ಇರುವ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಬಳಕೆದಾರರಿಗೆ ಒಂದು ಮಾತು. ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ, ಲೆನ್ಸಿನೊಳಗಿನ ಅಪರ್ಚರ್ ಎಲೆಗಳು ಪ್ರತಿ ಫೋಟೊಕ್ಕೂ ಮುಚ್ಚಿ ತೆರೆಯುತ್ತವೆ, ಆದರೆ ಪ್ರತಿ ಬಾರಿಯೂ ಕರಾರುವಾಕ್ಕಾಗಿ ಅದೇ ಅಳತೆಗೆ ಬಂದು ನಿಲ್ಲುವುದಿಲ್ಲ. ಅಪರ್ಚರ್ ರಿಂಗನ್ನು ಕೈಯಿಂದ ತಿರುಗಿಸುವ ಹಳೆಯ ಮ್ಯಾನ್ಯುಯಲ್ ಲೆನ್ಸ್ ಹಾಕಿದರೆ ಎಲೆಗಳು ಇದ್ದಲ್ಲಿಯೇ ಇರುತ್ತವೆ.

ಈಗಾಗಲೇ ತೆಗೆದದ್ದಕ್ಕೆ ಸಂಕಲನದ ಹಲವು ತಂತ್ರಾಂಶಗಳಲ್ಲಿ ಮಿಣುಕು ತಗ್ಗಿಸುವ ಡಿಫ್ಲಿಕರ್ ಎಂಬ ಸೌಲಭ್ಯ ಇದೆ. ಅದನ್ನು ಇಡೀ ಚಿತ್ರಕ್ಕೆ ಒಟ್ಟಿಗೆ ಹಾಕದೆ ಶಾಟಿಗೊಂದರಂತೆ ಬೇರೆಬೇರೆಯಾಗಿ ಹಾಕಿ. ಅಂದಹಾಗೆ, ಎಲ್ಲ ಮಿಣುಕೂ ದೋಷವೆಂದೇನೂ ಅಲ್ಲ. 1933ರ ಕಿಂಗ್ ಕಾಂಗ್ ಚಿತ್ರದಲ್ಲಿ ಗೊರಿಲ್ಲಾದ ಮೈಕೂದಲು ನಿಂತಲ್ಲಿಯೇ ಅಲೆಯಾಡುತ್ತಿರುತ್ತದೆ. ಅದು ಪ್ರತಿ ಫ್ರೇಮಿಗೂ ಬೊಂಬೆಯನ್ನು ಹಿಡಿದು ಸರಿಸಿದ ಬೆರಳುಗಳ ಗುರುತು. ನೋಡಿದವರು ಅದನ್ನು ರೋಷಕ್ಕೆ ಕೂದಲು ನಿಮಿರಿದ್ದೆಂದು ತಿಳಿದುಕೊಂಡದ್ದೂ ಉಂಟು.

ಪ್ರಶ್ನೆ: ಶಾಟಿನ ನಡುವೆ, 140ನೆಯ ಫ್ರೇಮಿನ ಹೊತ್ತಿಗೆ, ನನ್ನ ಮೊಣಕೈ ತಾಗಿ ಬೊಂಬೆ ಉರುಳಿತು. ಅದನ್ನು ಮೊದಲಿದ್ದಂತೆ ನಿಲ್ಲಿಸಲಾಗದೆ ಚಿತ್ರವನ್ನೇ ಬಿಟ್ಟೆ. ಇದಕ್ಕೆ ಪರಿಹಾರ ಇದೆಯೇ?

ಉತ್ತರ: ಉರುಳಿದ ಬೊಂಬೆಯನ್ನು ನಿಲ್ಲಿಸಲು ಒನಿಯನ್ ಸ್ಕಿನ್ ಎಂಬ ಸೌಲಭ್ಯವಿದೆ. ಅದು ಹಿಂದಿನ ಫ್ರೇಮನ್ನು ಪರದೆಯ ಮೇಲೆ ಮಸುಕಾಗಿ ತೋರಿಸುತ್ತದೆ, ಅದರ ಮೇಲೆ ಈಗಿನ ಬೊಂಬೆಯನ್ನು ತಾಳೆ ಹಾಕುತ್ತ ಹೋಗಬಹುದು. ಪಾದದಿಂದ ಆರಂಭಿಸಿ ಸೊಂಟ, ಭುಜ, ಕಡೆಗೆ ತಲೆ ಎಂಬ ಕ್ರಮದಲ್ಲಿ ಸರಿಪಡಿಸಿ. ತಲೆಯಿಂದ ಆರಂಭಿಸಿದರೆ ಪಾದ ಸರಿಸಿದಾಗ ತಲೆ ಮತ್ತೆ ಕೆಡುತ್ತದೆ. ಎಷ್ಟು ಮಾಡಿದರೂ ಸಣ್ಣದೊಂದು ಕುಲುಕು ಉಳಿಯಬಹುದು, ಅದನ್ನು ಬೊಂಬೆ ಕಣ್ಣು ಮಿಟುಕಿಸುವ ಅಥವಾ ಥಟ್ಟನೆ ತಿರುಗುವ ಕ್ಷಣವಾಗಿ ಮಾರ್ಪಡಿಸಿ. ಆಗದಿದ್ದರೆ ಅಲ್ಲಿಗೇ ಶಾಟನ್ನು ಕತ್ತರಿಸಿ ಬೇರೆ ಕೋನಕ್ಕೆ ಹೋಗಿ. 140 ಫ್ರೇಮ್ ಎಂದರೆ ಹನ್ನೆರಡು ಸೆಕೆಂಡಿಗೆ ಹತ್ತಿರ. ಒಂದೇ ಶಾಟಿಗೆ ಅಷ್ಟು ಧಾರಾಳವಾಗಿ ಸಾಕು.

ಮುಂದಕ್ಕೆ ಬೊಂಬೆಯ ಪಾದಕ್ಕೆ ಒಂದು ನಟ್ ಹುದುಗಿಸಿ, ಸೆಟ್ಟಿನ ಹಲಗೆಯ ಕೆಳಗಿನಿಂದ ಬೋಲ್ಟು ಹಾಕಿ ಬಿಗಿಯಿರಿ. ಟ್ರೈಪಾಡಿನ ಕಾಲುಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸುವುದನ್ನು ಮರೆಯಬೇಡಿ. ಬೊಂಬೆಯನ್ನಾದರೂ ನಿಲ್ಲಿಸಬಹುದು, ಸರಿದ ಕ್ಯಾಮೆರಾವನ್ನು ಮೊದಲಿನ ಜಾಗಕ್ಕೆ ತರುವುದು ಅದಕ್ಕಿಂತ ಹತ್ತು ಪಾಲು ಕಷ್ಟ.

ಪ್ರಶ್ನೆ: ಮೂವರು ಗೆಳೆಯರು ಸೇರಿ ಆರಂಭಿಸಿದ ಚಿತ್ರ ಇದು. ಬೊಂಬೆ ಮಾಡಿದವನು ಈಗ ಫೋನ್ ಎತ್ತುವುದಿಲ್ಲ, ಧ್ವನಿ ಕೊಟ್ಟವಳು ಬೇರೆ ಕೆಲಸದಲ್ಲಿದ್ದಾಳೆ. ನಾನೊಬ್ಬನೇ ಮುಗಿಸಬಹುದೇ?

ಉತ್ತರ: ಕೆಲಸದ ಮಟ್ಟಿಗೆ ಖಂಡಿತ ಮುಗಿಸಬಹುದು, ಕ್ಯಾಮೆರಾದ ಮುಂದೆ ಕುಳಿತು ಬೊಂಬೆ ಸರಿಸುವವರು ಹೇಗೂ ಒಬ್ಬರೇ. ಆದರೆ ಮುಗಿಸುವ ಮೊದಲು ಇಬ್ಬರಿಗೂ ಒಂದು ಲಿಖಿತ ಸಂದೇಶ ಕಳುಹಿಸಿ: ಚಿತ್ರವನ್ನು ಇಷ್ಟಕ್ಕೆ ಮೊಟಕು ಮಾಡಿ ಮುಗಿಸುತ್ತಿದ್ದೇನೆ, ನಿಮ್ಮ ಹೆಸರನ್ನು ಇಂಥ ಕೆಲಸದ ಜೊತೆ ಹಾಕುತ್ತೇನೆ, ನಿಮ್ಮ ಒಪ್ಪಿಗೆ ಬೇಕು ಎಂದು. ದೂರುವ ಧ್ವನಿ ಬೇಡ. ಫೋನ್ ಎತ್ತದವರು ಸಾಮಾನ್ಯವಾಗಿ ನಿಮ್ಮ ಮೇಲಿನ ಸಿಟ್ಟಿಗಿಂತ ಕೆಲಸ ಬಿಟ್ಟ ಸಂಕೋಚದಿಂದ ಎತ್ತುವುದಿಲ್ಲ. ಅವರ ಪಾಲಿನ ಕೆಲಸ ಇನ್ನು ಉಳಿದಿಲ್ಲ ಎಂದು ತಿಳಿದ ಕೂಡಲೇ ಮಾತು ಬರುವುದುಂಟು. ಬೊಂಬೆ ಮಾಡಿದ ಗೆಳೆಯ ಒಪ್ಪಲಿಲ್ಲವೆಂದರೆ ಅವನ ಬೊಂಬೆ ಇರುವ ಚಿತ್ರವನ್ನು ಹೊರಗೆ ತೋರಿಸಬೇಡಿ. ಧ್ವನಿ ಸಿಗದಿದ್ದರೆ ಮಾತನ್ನೇ ತೆಗೆದುಹಾಕುವ ಸಾಧ್ಯತೆಯನ್ನು ಪರಿಶೀಲಿಸಿ. ಬೊಂಬೆಚಿತ್ರಕ್ಕೆ ಮಾತಿಲ್ಲದಿರುವುದು ಒಗ್ಗುತ್ತದೆ, ಬೊಂಬೆಯ ಬಾಯಿ ಆಡಿಸುವ ದೊಡ್ಡದೊಂದು ಕೆಲಸವೂ ತಪ್ಪುತ್ತದೆ.

ಪ್ರಶ್ನೆ: ಸೆಕೆಂಡಿಗೆ 24 ಫ್ರೇಮ್ ತೆಗೆದರೆ ಮಾತ್ರ ನಿಜವಾದ ಸಿನಿಮಾ ಎಂದು ಒಬ್ಬರು ಹೇಳಿದರು. 12ರಲ್ಲಿ ಅರ್ಧ ತೆಗೆದಾಗಿದೆ. ಬದಲಾಯಿಸಲೇ?

ಉತ್ತರ: ಬೇಡ. ಒಂದೊಂದು ಭಂಗಿಯನ್ನೂ ಎರಡೆರಡು ಫ್ರೇಮ್ ನಿಲ್ಲಿಸಿ 24ರ ವೇಗದಲ್ಲಿ ಓಡಿಸುವುದು ವೃತ್ತಿಯವರಲ್ಲಿಯೂ ನಡೆದುಬಂದ ಪದ್ಧತಿ. ನೀವು ಮಾಡುತ್ತಿರುವುದು ಅದೇ. ಕ್ಯಾಮೆರಾವನ್ನೇ ಪಕ್ಕಕ್ಕೆ ಸರಿಸುತ್ತ ತೆಗೆಯುವ ಶಾಟಿನಲ್ಲಿ ಮಾತ್ರ 12 ಸಾಲದು, ಹಿನ್ನೆಲೆ ತಡವರಿಸಿದಂತೆ ಕಾಣುತ್ತದೆ. ಆ ಶಾಟಿಗಷ್ಟೇ 24 ತೆಗೆಯಿರಿ, ಇಲ್ಲವೇ ಕ್ಯಾಮೆರಾ ಸರಿಸುವ ಆಸೆಯನ್ನೇ ಬಿಡಿ. ಸಲಹೆ ಕೊಟ್ಟವರು ತಾವೇ ಎಷ್ಟು ಸೆಕೆಂಡು ತೆಗೆದಿದ್ದಾರೆಂದು ಕೇಳಿ ನೋಡಬಹುದಿತ್ತು.

ಪ್ರಶ್ನೆ: ನಿಮ್ಮ ಹಿತವಚನ ಏನೇ ಇರಲಿ, ನನ್ನ ಚಿತ್ರವನ್ನು ಮುಗಿಸದಿರಲು ನಾನು ತೀರ್ಮಾನಿಸಿಯಾಗಿದೆ. ಕಥೆಯಲ್ಲಿಯೇ ನನಗೆ ನಂಬಿಕೆ ಉಳಿದಿಲ್ಲ. ತೆಗೆದದ್ದನ್ನು ಅಳಿಸಿ, ಬೊಂಬೆಗಳನ್ನು ಎಸೆದುಬಿಡಲೇ?

ಉತ್ತರ: ಕಥೆಯಲ್ಲಿ ನಂಬಿಕೆ ಹೋದ ಮೇಲೆ ಚಿತ್ರ ಬಿಡುವುದು ಸರಿಯಾದ ತೀರ್ಮಾನವೇ, ಅದರಲ್ಲಿ ನಾನು ಕೈಹಾಕುವುದಿಲ್ಲ. ಆದರೆ ಅಳಿಸಬೇಡಿ. ಬೊಂಬೆಗೆ ಜೀವ ತುಂಬುವುದರಲ್ಲಿ ಬಹು ದೊಡ್ಡ ಹೆಸರಾದ ರೇ ಹ್ಯಾರಿಹೌಸನ್ ಯುವಕರಾಗಿದ್ದಾಗ, ಭೂಮಿಯ ಮೇಲೆ ಜೀವಿಗಳು ಬೆಳೆದುಬಂದ ಕಥೆಯನ್ನು ಒಬ್ಬರೇ ಚಿತ್ರವಾಗಿ ತೆಗೆಯಲು ಹೊರಟಿದ್ದರು. 1940ರಲ್ಲಿ ಡಿಸ್ನಿಯ ಫ್ಯಾಂಟೇಸಿಯಾ ಬಂದಾಗ ಅದರಲ್ಲಿದ್ದ ಡೈನೋಸಾರುಗಳ ಭಾಗವನ್ನು ನೋಡಿ, ತಾನು ಮಾಡಹೊರಟದ್ದನ್ನು ಇವರು ಮಾಡಿ ಮುಗಿಸಿದ್ದಾರೆಂದು ತಮ್ಮ ಚಿತ್ರವನ್ನು ನಿಲ್ಲಿಸಿಬಿಟ್ಟರು. ಆದರೆ ತೆಗೆದಿದ್ದ ತುಣುಕುಗಳನ್ನು ಇಟ್ಟುಕೊಂಡಿದ್ದರು, ಅವನ್ನೇ ತೋರಿಸಿ ಜಾರ್ಜ್ ಪಾಲ್ ಅವರ ಬೊಂಬೆಚಿತ್ರಗಳ ಸ್ಟುಡಿಯೊದಲ್ಲಿ ಕೆಲಸ ಪಡೆದರು. ಹ್ಯಾರಿಹೌಸನ್ ಅವರೇ 1952ರಲ್ಲಿ ಆರಂಭಿಸಿ ಬಿಟ್ಟಿದ್ದ ಆಮೆ ಮೊಲದ ಕಥೆಯ ಇನ್ನೊಂದು ಚಿತ್ರವನ್ನು ಇಬ್ಬರು ಕಿರಿಯ ಅನಿಮೇಟರುಗಳು ಅವರ ಜೊತೆಗೂಡಿ 2002ರಲ್ಲಿ ಪೂರ್ಣಗೊಳಿಸಿದರು.

ನಿಮ್ಮ ಫ್ರೇಮುಗಳಲ್ಲಿ ಅತ್ಯುತ್ತಮವೆನಿಸಿದ ಇಪ್ಪತ್ತು ಸೆಕೆಂಡನ್ನು ಆರಿಸಿ ಬೇರೆ ಕಡತ ಮಾಡಿ, ಮೂಲ ಫೋಟೊಗಳನ್ನು ಹಾಗೆಯೇ ಉಳಿಸಿ. ವಿಡಿಯೊ ಮಾಡಿದ ಮೇಲೆ ಫೋಟೊ ಬೇಡವೆಂದು ಅಳಿಸುವವರು ಇದ್ದಾರೆ, ಆಮೇಲೆ ಬೆಳಕು ತಿದ್ದಲೂ ದಾರಿ ಇರುವುದಿಲ್ಲ. ಬೊಂಬೆಯನ್ನು ಇಡುವಾಗ ಪಾದದ ಬೋಲ್ಟು ಬಿಚ್ಚಿ, ಕೈಕಾಲುಗಳನ್ನು ನೇರ ಮಾಡಿ ಮಲಗಿಸಿ. ಎಣ್ಣೆ ಬೆರೆತ ಕ್ಲೇಯನ್ನು ಕಾಗದದಲ್ಲಿ ಸುತ್ತಿದರೆ ಕಾಗದ ಎಣ್ಣೆ ಕುಡಿಯುತ್ತದೆ, ಕೆಲವು ಬಗೆಯ ಪ್ಲಾಸ್ಟಿಕ್ ಡಬ್ಬಗಳನ್ನು ಆ ಎಣ್ಣೆ ಮೆತ್ತಗಾಗಿಸುತ್ತದೆ; ಪಾಲಿಥೀನಿನಲ್ಲಿ ಸುತ್ತಿ ಗಾಜಿನ ಅಥವಾ ತಗಡಿನ ಡಬ್ಬದಲ್ಲಿ ತಂಪಾದ ಕಡೆ ಇಡಿ. ಬಳಸಿದ ತಂತಿಯ ದಪ್ಪ, ಮುಖಕ್ಕೆ ಯಾವ ಯಾವ ಬಣ್ಣದ ಕ್ಲೇಯನ್ನು ಎಷ್ಟೆಷ್ಟು ಪಾಲು ಬೆರೆಸಿದ್ದೀರಿ ಎಂಬುದು, ದೀಪಗಳು ಸೆಟ್ಟಿನಿಂದ ಎಷ್ಟು ದೂರದಲ್ಲಿದ್ದವು ಎಂಬ ಅಳತೆ, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಬೊಂಬೆಗೆ ತಾಗದಂತೆ, ಅದೇ ಡಬ್ಬದ ಮುಚ್ಚಳದ ಒಳಮೈಗೆ ಅಂಟಿಸಿ.